ಅಪ್‌ಡೇಟ್: ಎಂಜಿಬಿಗೆ ಐದನೇ ಗೇರ್ ಬಂತು

ನಮ್ಮ 1970ರ ಎಂಜಿಬಿ ಸ್ಪೋರ್ಟ್ಸ್ ಕಾರಿನ ನಾಲ್ಕು ಸ್ಪೀಡ್ ಗೇರ್‌ಬಾಕ್ಸ್ ತೆಗೆದು ಫೋರ್ಡ್ ಸಿಯೆರಾ ಕಾರಿನ ಐದು ಸ್ಪೀಡ್ ಗೇರ್‌ಬಾಕ್ಸ್ ಟೈಪ್ 9 ಕೂರಿಸಬಹುದಾ ಎಂದು ಹಿಂದೆ ಕೇಳಿದ್ದೆ. ಕೂರಿಸಿದೆವು! ಎಂಜಿನ್‌ಗೆ ಗೇರ್‌ಬಾಕ್ಸ್ ಜೋಡಿಸುವ ಕವಚ, ಅಂದರೆ ಬೆಲ್‌ಹೌಸಿಂಗ್, ಜೋಡಣೆಯ ಕಿಟ್‌ನಲ್ಲೇ ಬಂತು. ಗೇರ್‌ಬಾಕ್ಸ್ ಒಂದನ್ನೇ ಕೆಳಗಿಂದ ಇಳಿಸಲು ಆಗುವುದಿಲ್ಲ, ಎಂಜಿನ್ ಜೊತೆಗೇ ಮೇಲೆತ್ತಬೇಕು. ಕುಂಬಳೆಯ ಮೆಕ್ಯಾನಿಕ್ ಅಣ್ಣ ಒಂದು ಕೈಯಲ್ಲಿ ಚೈನ್ ಬ್ಲಾಕ್ ಎಳೆಯುತ್ತಾ, ಇನ್ನೊಂದು ಕೈಯಲ್ಲಿ ಎಂಜಿನ್ ವಾಲದಂತೆ ಹಿಡಿದಿದ್ದರು. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಮಂಗಳೂರಿನಲ್ಲಿ ಹೊಸ ಅಳತೆಗೆ ಮಾಡಿಸಿ, ಬ್ಯಾಲೆನ್ಸ್ ಕೂಡ ಮಾಡಿಸಿದೆ. ಬ್ಯಾಲೆನ್ಸ್ ಮಾಡಿಸುವುದನ್ನು ಬಿಡಲೇಬೇಡಿ, ನಡುಕ ಜಾಸ್ತಿಯಾಗುತ್ತದೆ.

ಹಳೆಯ ಟಾಪ್ ಗೇರ್ ಅನುಪಾತ (ಪ್ರೊಪೆಲ್ಲರ್ ಶಾಫ್ಟ್‌ನ ಒಂದು ಸುತ್ತಿಗೆ ಎಂಜಿನ್ ಎಷ್ಟು ಸುತ್ತು ಎಂಬುದು) 1, ಈಗ ಐದನೆಯದು 0.82. ಅಂದರೆ ಅದೇ ಸ್ಪೀಡಿಗೆ ಎಂಜಿನ್ ಸುತ್ತು ಶೇ. 18 ಕಡಿಮೆ. ಹೈವೇಯಲ್ಲಿ ತಲಪಾಡಿವರೆಗೆ ಹೋದೆವು. ಎಂಜಿನ್ ಸದ್ದು ಕಡಿಮೆಯಾಗಿ ಪಕ್ಕದಲ್ಲಿದ್ದ ಅಪ್ಪನ ಮಾತು ಸರಿಯಾಗಿ ಕೇಳಿಸಿತು, ಎಷ್ಟು ಖುಷಿ ಆಯ್ತು ಗೊತ್ತಾ! ಫಸ್ಟ್ ಗೇರ್ ಮಾತ್ರ ಬೇಗ ಮುಗಿಯುತ್ತದೆ, ಕೂಡಲೇ ಸೆಕೆಂಡ್‌ಗೆ ಹಾಕಬೇಕು. ಸ್ಪೀಡೋಮೀಟರ್ ಕೇಬಲ್ ಇನ್ನೂ ಬರಬೇಕು.