ಪಂದಿ ಕರಿ ಕಮ್ಮಿ ಮಾಡಿದ್ರೆ ಅಪ್ಪನಿಗೆ ಪ್ರೋಟೀನ್ ಎಲ್ಲಿಂದ?

ವಿರಾಜಪೇಟೆಯಿಂದ ಕೇಳ್ತಿದ್ದೇನೆ. ಅಪ್ಪನಿಗೆ 68, ತೂಕ 60 ಕೆ.ಜಿ. ಕೊಲೆಸ್ಟ್ರಾಲ್ ನೋಡಿ ಡಾಕ್ಟರ್ ಹಂದಿ ಕಮ್ಮಿ ಮಾಡಿ ಅಂದ್ರು. "ಕಾಳು ತಿಂದ್ಕೊಂಡು ತೋಟ ಹತ್ತಿಳಿಯೋಕಾಗುತ್ತಾ?" ಅಂತ ಅಪ್ಪನ ಹಟ. ನಿಮ್ಮನೇಲಿ ಏನು ಮಾಡಿದ್ರಿ?

ಗೋಣಿಕೊಪ್ಪದಿಂದ:
ನಮ್ಮ ಮಾವನದ್ದೂ ಇದೇ ಜಗಳ ಇತ್ತು. ಐಸಿಎಂಆರ್‌ನವರ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಲೆಕ್ಕದಲ್ಲಿ ದಿನಕ್ಕೆ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್, ಅಂದ್ರೆ ನಿಮ್ಮ ತಂದೆಗೆ ಸುಮಾರು 50 ಗ್ರಾಂ. ಕೊಬ್ಬಿಲ್ಲದ ಹಂದಿ ಹಸಿಮಾಂಸ 100 ಗ್ರಾಂನಲ್ಲಿ 20 ಗ್ರಾಂ ಪ್ರೋಟೀನ್ ಇರುತ್ತೆ. ಆದ್ರೆ ಪಂದಿ ಕರಿಗೆ ನಾವು ಹುಡುಕಿ ತರೋದು ಹೊಟ್ಟೆ ಭಾಗ, ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ) ರುಚಿ ಕೂರೋದೇ ಆ ಕೊಬ್ಬಲ್ಲಿ! ಅದರಲ್ಲಿ 10 ಗ್ರಾಂ ಆಸುಪಾಸು ಅಷ್ಟೇ, ಅರ್ಧಕ್ಕರ್ಧ ಕೊಬ್ಬು. ಅದೂ ಭಾನುವಾರ ಮಾತ್ರ. ಮಿಕ್ಕ ಆರು ದಿನ ಮಾವ ತಿಂತಿದ್ದಿದ್ದು ಅಕ್ಕಿ ರೊಟ್ಟಿ, ಚಟ್ನಿ. ಕೊರತೆ ಇದ್ದದ್ದು ಆ ಆರು ದಿನದಲ್ಲಿ. ಈಗ ದಿನಾ ಎರಡು ಮೊಟ್ಟೆ (12 ಗ್ರಾಂ), ಮಧ್ಯಾಹ್ನ ಕಾಳು, ವಾರಕ್ಕೆರಡು ಸಲ ಚರ್ಮ ತೆಗೆದ ಕೋಳಿ. ಹಬ್ಬಕ್ಕೆ ಪಂದಿ ಉಂಟು, ಅದಕ್ಕೂ ತಡೆ ಹಾಕಿದ್ರೆ ಮನೇಲಿ ಇರೋಕಾಗಲ್ಲ.

ಸೋಮವಾರಪೇಟೆಯಿಂದ:
ನಾವು ಮಾಂಸ ಮುಟ್ಟದವರು. ಹುರುಳಿ, ತೊಗರಿಬೇಳೆ ಒಣಗಿದ್ದು 100 ಗ್ರಾಂಗೆ 22ರ ಹತ್ತಿರ ಇದ್ರೂ ಬೆಂದಾಗ ನೀರು ಕುಡಿದು ಉಬ್ಬುತ್ತೆ. ಬೆಂದ ಬೇಳೆ 100 ಗ್ರಾಂಗೆ ಏಳೆಂಟು ಗ್ರಾಂ ಅಷ್ಟೇ. ಹುರುಳಿ ಕಟ್ಟಿನ ಸಾರು ಕುಡಿದ್ರೆ ಆಯ್ತು ಅಂದ್ಕೋಬೇಡಿ, ಕಾಳನ್ನೇ ತಿನ್ನಬೇಕು. ಪ್ರೋಟೀನ್ ಆಗಿರೋದೇ ಅಮೈನೋ ಆಮ್ಲ ಅನ್ನೋ ತುಣುಕುಗಳಿಂದ. ಅದರಲ್ಲಿ ಲೈಸಿನ್ ಅನ್ನೋದು ಅನ್ನದಲ್ಲಿ ಕಮ್ಮಿ, ಮೆಥಿಯೊನಿನ್ ಅನ್ನೋದು ಕಾಳಲ್ಲಿ ಕಮ್ಮಿ. ಒಂದೇ ದಿನದಲ್ಲಿ ಎರಡೂ ಹೊಟ್ಟೆಗೆ ಬಿದ್ರೆ ಸರಿಹೋಗುತ್ತೆ. ಗ್ಯಾಸ್ ಆಗುತ್ತೆ ಅಂದ್ರೆ ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲಿ. ಒಂದೇ ಎಚ್ಚರ, ಕಾಳಲ್ಲಿ ಬಿ12 ಇಲ್ಲ. ಹಾಲು ಮೊಸರು ತಿಂದೂ ನನಗೆ ಕಮ್ಮಿ ಬಂದು ಮಾತ್ರೆ ನುಂಗಿದೆ.

ನಾಪೋಕ್ಲುವಿನಿಂದ:
ಮಳೆಗಾಲದಲ್ಲಿ ಅಣಬೆ, ಕಣಿಲೆ (ಎಳೆ ಬಿದಿರು) ಮಾಂಸಕ್ಕೆ ಸಮ ಅನ್ನೋರು ಸಿಗ್ತಾರೆ, ನಂಬಬೇಡಿ. ಹಸಿ ಅಣಬೆ 100 ಗ್ರಾಂಗೆ ಮೂರು ಗ್ರಾಂ. ರುಚಿಗೆ ತಿನ್ನಿ. ಒಣಮೀನಲ್ಲಿ ಪ್ರೋಟೀನ್ ಭರ್ತಿ, ಉಪ್ಪೂ ಭರ್ತಿ. ಬಿಪಿ ಇದ್ರೆ ದೂರ. ಅಂದ ಹಾಗೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಯೋ ರಕ್ತ ಪರೀಕ್ಷೆ) ನೋಡ್ಸಿದ್ದೀರಾ? ಕಿಡ್ನಿ ತೊಂದರೆ ಇದ್ರೆ ಈ ಲೆಕ್ಕ ಎಲ್ಲ ಡಾಕ್ಟರ್ ಹತ್ರಾನೇ ಕೇಳ್ಬೇಕು.

ಕೇಳಿದವರು:
ಕಿಡ್ನಿ ರಿಪೋರ್ಟ್ ಸರಿ ಇದೆ, ಅಕ್ಕಾ. ಇವತ್ತು ಹುರುಳಿ ನೆನೆಹಾಕಿದ್ದೀನಿ. ಕಾಚಂಪುಳಿ ಹಾಕಿ, ಪಂದಿ ಮಸಾಲೆಯಲ್ಲೇ ಮಾಡಿದ್ರೆ ತಿಂತಾರಂತೆ.