ಹೊಳೆದಂಡೆಯ ದಾರಿಯಲ್ಲಿ ಜಿಯೋಕ್ಯಾಶ್ ಡಬ್ಬಿ: ಎಲ್ಲಿ ಇಡಲಿ?

ಕಾಫಿಕಣ:
ನಮಸ್ಕಾರ. ಸಿದ್ದಾಪುರದಿಂದ ಸ್ವಲ್ಪ ಒಳಗೆ, ಕಾವೇರಿ ದಂಡೆಯಲ್ಲಿ ನಮ್ಮ ಊರು. ಹೊಳೆಯ ಪಕ್ಕದಲ್ಲೇ ಕಾಲುದಾರಿ. ಒಂದು ಕಡೆ ತೋಟದ ಬೇಲಿ, ಇನ್ನೊಂದು ಕಡೆ ಬಿದಿರಿನ ಮೆಳೆ. ಬೆಳಿಗ್ಗೆ ತೋಟದ ಕೆಲಸದವರು, ಸಂಜೆ ಗಾಳ ಹಾಕುವ ಹುಡುಗರು ಬಿಟ್ಟರೆ ಓಡಾಟವಿಲ್ಲ. ತಂಗಿಯ ಮಗಳು ರಜೆಗೆ ಬಂದವಳು ನನಗೆ ಜಿಯೋಕ್ಯಾಶಿಂಗ್ ಹುಚ್ಚು ಹತ್ತಿಸಿ ಹೋದಳು. ಯಾರೋ ಅಡಗಿಸಿಟ್ಟ ಡಬ್ಬಿಯನ್ನು ಅಕ್ಷಾಂಶ, ರೇಖಾಂಶ ಹಿಡಿದು ಹುಡುಕುವುದು, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಇದ್ದಲ್ಲೇ ಇಟ್ಟು ಬರುವುದು. ಅರವತ್ತು ದಾಟಿದ ಮೇಲೆ ಇದೆಂಥ ಕಣ್ಣಾಮುಚ್ಚಾಲೆ ಎಂದು ಮನೆಯಲ್ಲಿ ನಗುತ್ತಾರೆ. ನಗಲಿ.

ಈಗ ನಾನೇ ಒಂದು ಡಬ್ಬಿ ಇಡಬೇಕೆಂದಿದ್ದೇನೆ. ದಾರಿಯಲ್ಲಿ ಹಳೆಯ ಹೊಳೆಮತ್ತಿ ಮರವಿದೆ, ಅದರ ಬೇರಿನ ಸಂದಿ ಇದಕ್ಕೆಂದೇ ಇದ್ದಂತಿದೆ. ಆದರೆ ಮರದ ಕೆಳಗೆ ನಿಂತರೆ ಮೊಬೈಲ್ ನನ್ನನ್ನು ಒಮ್ಮೆ ತೋಟದೊಳಗೆ ತೋರಿಸುತ್ತದೆ, ಒಮ್ಮೆ ಹೊಳೆಯ ನಡುವೆ. ಆನೆ ದಾಟುವ ಜಾಗವೂ ದೂರವಿಲ್ಲ. ತಿಳಿದವರು ಹೇಳಿ.

ಹಾರಂಗಿ ಅಲೆಮಾರಿ:
ಸರ್, ದಟ್ಟ ಮರದಡಿ ಅದು ಸಹಜ. ಎಲೆಗಳು ಉಪಗ್ರಹದ ಸಂಕೇತವನ್ನು ತಡೆಯುತ್ತವೆ, ಚದುರಿಸುತ್ತವೆ. ಬೇರೆ ಬೇರೆ ದಿನ ಹೋಗಿ ಮೊಬೈಲನ್ನು ಕೆಲವು ನಿಮಿಷ ಅಲ್ಲೇ ಇಟ್ಟು, ಬಂದ ಅಂಕಿಗಳ ಸರಾಸರಿ ತೆಗೆಯಿರಿ. ಉಳಿದ ವ್ಯತ್ಯಾಸಕ್ಕೆ ಒಂದು ಸುಳಿವು ಬರೆದರೆ ಸಾಕು.

ಹತ್ತಿರದಲ್ಲಿ ಬೇರೆ ಡಬ್ಬಿ ಇದೆಯೇ ನೋಡಿ; ಎರಡರ ನಡುವೆ ಕನಿಷ್ಠ 161 ಮೀಟರ್ ಇರಬೇಕು. ನೆಲ ಅಗೆಯಬಾರದು, ಮರಕ್ಕೆ ಮೊಳೆ ಹೊಡೆಯಬಾರದು, ತಿನ್ನುವ ವಸ್ತು ಇಡಬಾರದು. ತಮಾಷೆ ಎಂದರೆ, ಅಮೆರಿಕದ ಸರ್ಕಾರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕಾಗಿಸುವುದನ್ನು ನಿಲ್ಲಿಸಿದ ಬೆನ್ನಲ್ಲೇ, 2000ದ ಮೇ 3ರಂದು ಆರೆಗಾನ್‌ನಲ್ಲಿ ಇಟ್ಟ ಮೊಟ್ಟಮೊದಲ ಜಿಯೋಕ್ಯಾಶ್ ಅರ್ಧ ಹೂತಿದ್ದ ಬಕೆಟ್, ಒಳಗೆ ಬೀನ್ಸ್ ಡಬ್ಬಿಯೂ ಇತ್ತು! ಹೊಸ ಡಬ್ಬಿಗಳನ್ನು ನೋಡಿ ಒಪ್ಪುವ ಜಿಯೋಕ್ಯಾಶಿಂಗ್ ಜಾಲತಾಣದ ಇಂದಿನ ಪರಿಶೀಲಕರು ಅದನ್ನು ಬಾಗಿಲಲ್ಲೇ ತಿರಸ್ಕರಿಸುತ್ತಿದ್ದರು.

ದಂಡೆಯ ಮನೆಯವಳು:
ಅಣ್ಣಾ, ಆ ಮರವನ್ನು ಮರೆತುಬಿಡಿ. 2019ರ ಆಗಸ್ಟ್‌ನಲ್ಲಿ ಕರಡಿಗೋಡು, ಗುಹ್ಯ ಕಡೆ ಮನೆಗಳೇ ಹೋದವು, ನಿಮ್ಮ ಡಬ್ಬಿ ಯಾವ ಲೆಕ್ಕ? ಹೊಳೆಮತ್ತಿ ಬೆಳೆಯುವುದೇ ನೀರಿನ ಅಂಚಿನಲ್ಲಿ. ಅದರ ಬೇರು ಕಾಣುತ್ತಿದೆ ಎಂದರೆ ಮಣ್ಣನ್ನು ಹೊಳೆ ಕೊಂಡುಹೋಗಿದೆ ಎಂದೇ ಅರ್ಥ. ಆ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತೆಂದು ಊರಿನವರನ್ನು ಕೇಳಿ, ಅದಕ್ಕಿಂತ ಮೇಲೆ ಜಾಗ ಹುಡುಕಿ. ಹಾಗೆಂದು ದೇವರಕಾಡಿನತ್ತ ಹೋಗಬೇಡಿ. ಅಲ್ಲಿ ಒಣಕಡ್ಡಿ ಮುಟ್ಟುವುದಕ್ಕೂ ನಮ್ಮ ಹಿರಿಯರು ಒಪ್ಪುವುದಿಲ್ಲ, ಇನ್ನು ಪರವೂರಿನವರು ಡಬ್ಬಿ ಹುಡುಕಿಕೊಂಡು ತಿರುಗುವುದನ್ನು ಒಪ್ಪುತ್ತಾರೆಯೇ?

ತೋಟದ ಬೇಲಿಯ ಕಲ್ಲುಕಂಬವೇ ಒಳ್ಳೆಯದು, ಮಾಲೀಕರು ಒಪ್ಪಿದರೆ. ಅವರಿಗೆ ಮೊದಲೇ ಹೇಳದಿದ್ದರೆ, ಕಾಳುಮೆಣಸು ಕೊಯ್ಯುವ ಕಾಲದಲ್ಲಿ ಬೇಲಿ ಇಣುಕುವ ಅಪರಿಚಿತನನ್ನು ಕಳ್ಳನೆಂದೇ ಹಿಡಿಯುತ್ತಾರೆ. ತಪ್ಪೂ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಾಲತಾಣದಲ್ಲಿನ ನಿಮ್ಮ ಡಬ್ಬಿಯ ಪುಟದಲ್ಲಿ ತಾತ್ಕಾಲಿಕವಾಗಿ ಸ್ಥಗಿತ ಎಂದು ಹಾಕಿ. ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಐದರ ನಂತರ ಬರಬೇಡಿ ಎಂದು ದೊಡ್ಡದಾಗಿ ಬರೆಯಿರಿ. ಬಿದಿರಿನ ಮೆಳೆಯ ಹಿಂದೆ ಆನೆ ನಿಂತಿದ್ದರೆ ಹತ್ತು ಹೆಜ್ಜೆ ಹತ್ತಿರ ಹೋದರೂ ತಿಳಿಯುವುದಿಲ್ಲ.

ಹಾರಂಗಿ ಅಲೆಮಾರಿ:
ಅಕ್ಕ ಹೇಳಿದ್ದು ಸರಿ. ರಬ್ಬರ್ ಪಟ್ಟಿಯ, ನಾಲ್ಕೂ ಕಡೆ ಕ್ಲಿಪ್ ಇರುವ ಡಬ್ಬಿ ತೆಗೆದುಕೊಳ್ಳಿ. ಪುಸ್ತಕಕ್ಕೆ ಪ್ರತ್ಯೇಕ ಜಿಪ್ ಚೀಲ. ಪೆನ್ನು ಬೇಡ, ಪೆನ್ಸಿಲ್ ಇಡಿ. ನಮ್ಮ ತೇವಕ್ಕೆ ಶಾಯಿ ಹರಡುತ್ತದೆ. ಬೂಟಿನ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣ ಜುಲೈ ಮಳೆಗೆ ಏನೂ ಸಾಲದು.

ಕಾಫಿಕಣ:
ಇಬ್ಬರಿಗೂ ಧನ್ಯವಾದ. ಮರದ ಆಸೆ ಬಿಟ್ಟೆ. ಪಕ್ಕದ ತೋಟದವರನ್ನು ಕೇಳಿದೆ. ಗೇಟಿನಾಚೆಯ ಮೂರನೆಯ ಕಂಬಕ್ಕೆ ಒಪ್ಪಿಗೆ ಸಿಕ್ಕಿದೆ. ನೀರು ಅಲ್ಲಿಗೆ ಬಂದಿರಲಿಲ್ಲವಂತೆ. ಇದು ಆಟದ ಡಬ್ಬಿ, ದಯವಿಟ್ಟು ಇಲ್ಲೇ ಇಡಿ ಎಂದು ಮುಚ್ಚಳದ ಮೇಲೆ ಕನ್ನಡದಲ್ಲಿ ಬರೆಯುತ್ತೇನೆ. ಕೆಲಸಕ್ಕೆ ಅಸ್ಸಾಮಿನಿಂದ ಬಂದವರೂ ಇದ್ದಾರೆ, ಆದ್ದರಿಂದ ಹಿಂದಿಯಲ್ಲೂ ಬರೆಯಬೇಕು. ಮಲಯಾಳದ ಸಾಲನ್ನು ಅಂಗಡಿಯವರು ಬರೆದುಕೊಡುತ್ತಾರಂತೆ.

ದಂಡೆಯ ಮನೆಯವಳು:
ಡಬ್ಬಿಯೊಳಗೆ ಏನಿಡುತ್ತೀರಿ? ಕಾಫಿಬೀಜ ಇಡುತ್ತೇನೆ ಎನ್ನಬೇಡಿ, ಅದಕ್ಕೂ ನಿಯಮ ಅಡ್ಡ ಬರುತ್ತದೆ.