ಹಳೆ ಪದ್ಮಿನಿಗೆ ಯಾವ ಸ್ಪೀಡೋಮೀಟರ್ ಕೇಬಲ್ ಹಾಕಿಸಬೇಕು?

ಚಿತ್ರದುರ್ಗದಿಂದ ಕೇಳಿದ್ದು:
ಎಲ್ಲರಿಗೂ ನಮಸ್ಕಾರ. ಅಪ್ಪನ ಕಾಲದ 1984ರ ಪ್ರೀಮಿಯರ್ ಪದ್ಮಿನಿ ಇದೆ, ಸ್ಟೇರಿಂಗ್ ಪಕ್ಕದಲ್ಲೇ ಗೇರ್ ಇರುವುದು. ಹೋದ ತಿಂಗಳು ಹೊಳಲ್ಕೆರೆಗೆ ಹೋಗಿ ಬರುವಾಗ ಮೀಟರ್ ಮುಳ್ಳು 40ಕ್ಕೂ 60ಕ್ಕೂ ನಡುವೆ ಕುಣಿಯತೊಡಗಿತು. ಡ್ಯಾಶ್‌ಬೋರ್ಡ್ ಒಳಗಿಂದ ಟಿಕ್ ಟಿಕ್ ಸದ್ದು ಬೇರೆ. ಊರು ಸೇರುವ ಹೊತ್ತಿಗೆ ಮುಳ್ಳು ಸೊನ್ನೆಗೆ ಬಂದು ಕೂತಿತು, ಕಿಲೋಮೀಟರ್ ಅಂಕಿಯೂ ನಿಂತಿತು. ಒಂದು ಅಂಗಡಿಯಲ್ಲಿ "ಪದ್ಮಿನಿದು" ಅಂತ ಕೊಟ್ಟ ಕೇಬಲ್ ಹಾಕಿಸಿದೆ, ನಾಲ್ಕೇ ದಿನಕ್ಕೆ ತುಂಡಾಯಿತು. ಇನ್ನೊಂದು ಅಂಗಡಿಯವರು ನಿಮ್ಮ ಗಾಡಿಗೆ ಬೇರೆ ಉದ್ದ ಬೇಕು ಅನ್ನುತ್ತಾರೆ. ಸರಿಯಾದ ಕೇಬಲ್ ಗುರುತಿಸುವುದು ಹೇಗೆ? ಮೀಟರ್ ಓಡದ ಗಾಡಿ ಅಂದರೆ ಅಪ್ಪನಿಗೆ ಸಮಾಧಾನವೇ ಇಲ್ಲ. ಪೆಟ್ರೋಲ್ ಹಾಕಿಸಿದಾಗಲೆಲ್ಲ ಅಂಕಿ ಬರೆದಿಡುವ ಅಭ್ಯಾಸ ಅವರದು. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ದಾವಣಗೆರೆಯಿಂದ:
ಸರ್, ನನ್ನದೂ ಪದ್ಮಿನಿಯೇ. ಮೂರು ಕೇಬಲ್ ಮುರಿದ ಮೇಲೆ ಗೊತ್ತಾದದ್ದನ್ನು ಬರೆಯುತ್ತೇನೆ, ಸ್ವಲ್ಪ ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ತಿಳಿಯಬೇಕಾದದ್ದು, ಕೇಬಲ್ ವೇಗ ಅಳೆಯುವುದಿಲ್ಲ. ಗೇರ್‌ಬಾಕ್ಸ್ ಹಿಂಭಾಗದಲ್ಲಿ ಒಂದು ಸಣ್ಣ ಪಿನಿಯನ್, ಅಂದರೆ ಹಲ್ಲಿನ ಚಕ್ರ ಇದೆ. ಅದು ಎಷ್ಟು ಸುತ್ತು ತಿರುಗುತ್ತದೋ ಅಷ್ಟನ್ನು ಮೀಟರ್‌ವರೆಗೆ ಮುಟ್ಟಿಸುವುದಷ್ಟೇ ಕೇಬಲ್ ಕೆಲಸ. ಕೇಬಲ್ಲಿನ ಹೊರಗಿನ ಕೊಳವೆ ಔಟರ್, ಅದರೊಳಗೆ ತಿರುಗುವ ತಂತಿ ಇನ್ನರ್. ಮೀಟರ್ ಒಳಗೆ ಒಂದು ಆಯಸ್ಕಾಂತ ತಿರುಗುತ್ತದೆ, ಅದನ್ನು ಮುಟ್ಟದೆ ಸುತ್ತಲೂ ಒಂದು ಅಲ್ಯೂಮಿನಿಯಂ ಬಟ್ಟಲು ಇರುತ್ತದೆ, ಆ ಬಟ್ಟಲಿಗೆ ಮುಳ್ಳು, ಮುಳ್ಳನ್ನು ಹಿಂದಕ್ಕೆ ಎಳೆಯಲು ಕೂದಲಿನಂಥ ಸ್ಪ್ರಿಂಗ್. ಆದ್ದರಿಂದ ಯಾವಾಗಲೂ ಒಂದೇ ಸಮ 10 ಜಾಸ್ತಿ ತೋರಿಸುತ್ತಿದ್ದರೆ ಅದು ಕೇಬಲ್ ತಪ್ಪಲ್ಲ, ಪಿನಿಯನ್ ಹಲ್ಲು, ಟಯರ್ ಅಳತೆ ಇಲ್ಲವೇ ಮೀಟರ್ ನೋಡಬೇಕು. ಮುಳ್ಳು ಸತ್ತು ಕಿ.ಮೀ. ಅಂಕಿ ಮಾತ್ರ ಓಡುತ್ತಿದ್ದರೆ ಕೇಬಲ್ ಚೆನ್ನಾಗಿಯೇ ಇದೆ, ಸುಮ್ನೆ ಬದಲಾಯಿಸಬೇಡಿ. ನಿಮ್ಮಲ್ಲಿ ಎರಡೂ ನಿಂತಿವೆ, ಮೊದಲು ಕುಣಿದಿದೆ, ಸದ್ದೂ ಬಂದಿದೆ. ಅದು ಕೇಬಲ್ಲೇ.

ಆದರೆ ಹೊಸದು ನಾಲ್ಕು ದಿನಕ್ಕೆ ಯಾಕೆ ಮುರಿಯಿತು ಅನ್ನುವುದು ಮುಖ್ಯ. ಮುರಿದ ಇನ್ನರ್‌ನ ತುದಿ ತುಂಡನ್ನು ಮೀಟರ್ ಹಿಂದಿನ ಚೌಕ ತೂತಿಗೆ ಹಾಕಿ ಎರಡು ಬೆರಳಲ್ಲಿ ತಿರುಗಿಸಿ. ಹಗುರವಾಗಿ ತಿರುಗಬೇಕು. ಬಿಗಿ ಇದ್ದರೆ ಮೀಟರ್ ಬುಷ್ (ಒಳಗಿನ ಕಡ್ಡಿ ತಿರುಗುವ ಬಳೆ) ಒಣಗಿದೆ ಅಂತ ಅರ್ಥ, ಅದನ್ನು ಸರಿ ಮಾಡಿಸದೆ ಎಂಥಾ ಕೇಬಲ್ ಹಾಕಿದರೂ ಮುರಿಯುತ್ತದೆ. ನನ್ನ ಮೂರರಲ್ಲಿ ಎರಡು ಹೋದದ್ದು ಹೀಗೇ, ಮೇಸ್ತ್ರಿಗೂ ಹೊಳೆದಿರಲಿಲ್ಲ.

ಇನ್ನು ಆರಿಸುವುದು. ಅಂಗಡಿಯಲ್ಲಿ ಗಾಡಿ ಹೆಸರು, ವರ್ಷ ಮಾತ್ರ ಹೇಳಿದರೆ ಸಾಲದು. ಇಷ್ಟು ಹಳೆ ಗಾಡಿಯಲ್ಲಿ ಗೇರ್‌ಬಾಕ್ಸೋ ಮೀಟರೋ ಯಾವಾಗಲೋ ಬದಲಾಗಿರಬಹುದು, ಅಲ್ವಾ? ಹಳೆ ಕೇಬಲ್ಲನ್ನು ಔಟರ್ ಸಮೇತ ಬಿಚ್ಚಿ ಕೈಯಲ್ಲಿ ಹಿಡಿದು ಹೋಗಿ. ಎರಡನ್ನೂ ಪಕ್ಕಪಕ್ಕ ನೆಲಕ್ಕೆ ಚಾಚಿ ಔಟರ್ ಉದ್ದ ನೋಡಿ. ಎರಡೂ ತುದಿಯ ಚೌಕ ಹಳೆಯದರಷ್ಟೇ ದಪ್ಪ ಇರಬೇಕು. ನಟ್ಟಿನ ಮರೆ (ಥ್ರೆಡ್) ಬೆರಳಲ್ಲೇ ಎರಡು ಮೂರು ಸುತ್ತು ಸಲೀಸಾಗಿ ಕೂರಬೇಕು. ಆಮೇಲೆ ಯಾರೂ ನೋಡದ ಒಂದು ಅಳತೆ ಇದೆ, ಗೇರ್‌ಬಾಕ್ಸ್ ಕಡೆ ಪೂರ್ತಿ ಕೂರಿಸಿದಾಗ ಮೀಟರ್ ಕಡೆ ಇನ್ನರ್ ಎಷ್ಟು ಹೊರಗೆ ಬರುತ್ತದೆ ಅನ್ನುವುದು. ನನ್ನ ಗಾಡಿಯಲ್ಲಿ ಸುಮಾರು 10 ಮಿ.ಮೀ. ಬರುತ್ತದೆ. ಕಮ್ಮಿ ಆದರೆ ಚೌಕ ತೂತಿನಿಂದ ಜಾರುತ್ತದೆ. ಜಾಸ್ತಿ ಆದರೆ ನಟ್ಟು ಬಿಗಿದ ಕೂಡಲೇ ಇನ್ನರ್ ಹೋಗಿ ಮೀಟರ್ ಒಳಗಿನ ಆಯಸ್ಕಾಂತದ ಕಡ್ಡಿಯನ್ನು ಒತ್ತುತ್ತದೆ, ಕೇಬಲ್ ಜೊತೆ ಮೀಟರೂ ಹೋಗುತ್ತದೆ. ನಿಮ್ಮ ಅಂಗಡಿ ಕೇಬಲ್ಲಿಗೆ ಇದೂ ಆಗಿರಬಹುದು.

ಹಾಕುವಾಗ ಊಟದ ತಟ್ಟೆಯ ಸುತ್ತಿಗಿಂತ ಚಿಕ್ಕದಾಗಿ ಎಲ್ಲೂ ಬಗ್ಗಿಸಬೇಡಿ, ಮೀಟರ್ ಹಿಂದೆ ಇನ್ನೂ ಹುಷಾರು. ಬಿಗಿಯಾಗಿ ಬಗ್ಗಿದ ಕಡೆ ಇನ್ನರ್ ತಿರುಚಿಕೊಂಡು ತಡೆದು ತಡೆದು ಬಿಡುತ್ತದೆ, ಮುಳ್ಳು ಕುಣಿಯುವುದು ಅದಕ್ಕೇ. ನಟ್ಟಿಗೆ ಪ್ಲೈಯರ್ ಬೇಡ, ಕೈ ಬಿಗಿ ಸಾಕು. ಗ್ರೀಸ್ ತೆಳ್ಳಗೆ ಸವರಿ, ಮೀಟರ್ ಕಡೆಯ 20 ಸೆಂ.ಮೀ.ಗೆ ಮಾತ್ರ ಹಚ್ಚಲೇಬೇಡಿ. ತಿರುಗುವ ಇನ್ನರ್ ಗ್ರೀಸನ್ನು ಮೇಲಕ್ಕೆ ಏರಿಸುತ್ತದೆ, ಅದು ಬಟ್ಟಲಿಗೆ ಹೋದರೆ ಮುಳ್ಳು ಅಂಟಿಕೊಂಡು ಬಾಯಿಗೆ ಬಂದ ವೇಗ ಹೇಳುತ್ತದೆ.

ಹಿರಿಯೂರಿನಿಂದ:
ಮೇಲಿನ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮದು ಅಂಬಾಸಿಡರ್. ಅದರಲ್ಲಂತೂ ಸ್ಟೇರಿಂಗ್ ಗೇರಿನ ಹಳೆ ಗಾಡಿ ಬೇರೆ, 1.8 ಇಸುಜು ಇಂಜಿನ್ನಿನ 5 ಗೇರಿನ ಗಾಡಿ ಬೇರೆ. ಬರೀ "ಅಂಬಾಸಿಡರ್ ಕೇಬಲ್" ಅಂತ ಕೇಳಿ ತಂದು ನಾನು ಮೋಸ ಹೋದೆ, ಬೆಂಗಳೂರಿನ ಜೆ.ಸಿ. ರಸ್ತೆಗೆ ಇನ್ನೊಂದು ಸಲ ಹೋಗಬೇಕಾಯಿತು. ಇನ್ನೊಂದು ಉಪಾಯ: ಕೊಳ್ಳುವ ಮುಂಚೆ ಇನ್ನರ್ ಹೊರಗೆಳೆದು ಎರಡು ತುದಿ ಎರಡು ಕೈಯಲ್ಲಿ ಹಿಡಿದು ತೊಟ್ಟಿಲಿನ ಹಾಗೆ ಇಳಿಬಿಡಿ. ಒಂದು ತುದಿ ಬೆರಳಲ್ಲಿ ನಿಧಾನ ತಿರುಗಿಸಿದರೆ ಇನ್ನೊಂದು ತುದಿಯೂ ಸಮನಾಗಿ ತಿರುಗಬೇಕು. ಎಲ್ಲಾದರೂ ತಡೆದು ಚಟ್ ಅಂತ ಹಾರಿದರೆ ಆ ಇನ್ನರ್ ಮಡಿಕೆ ಬಿದ್ದಿದೆ, ಹೊಸದಾದರೂ ವಾಪಸ್ ಕೊಡಿ.

ಹರಿಹರದಿಂದ:
ಕೇಬಲ್ ಬಿಚ್ಚಿದಾಗ ಔಟರ್ ಒಳಗಿಂದ ಆಯಿಲ್ ಸೋರುತ್ತಾ ನೋಡಿ. ಸೋರಿದರೆ ಪಿನಿಯನ್ ಹತ್ತಿರ ಆಯಿಲ್ ತಡೆಯುವ ಸೀಲ್ ಹೋಗಿದೆ. ನಮಗೆ ಗೇರ್ ಆಯಿಲ್ ಕೇಬಲ್ ಹತ್ತಿ ಮೀಟರ್ ಗಾಜಿನ ತನಕ ಬಂದಿತ್ತು. ಪಿನಿಯನ್ ಹಲ್ಲು ಸವೆದಿದೆಯಾ ಅಂತಲೂ ಆಗಲೇ ನೋಡಿಬಿಡಿ.

ಚಿತ್ರದುರ್ಗದಿಂದ, ಎರಡು ವಾರದ ಮೇಲೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೀಟರ್ ಬಿಗಿಯೇ ಇತ್ತು, ಬೆರಳಲ್ಲಿ ತಿರುಗಲೇ ಇಲ್ಲ. ಅದನ್ನು ಬಿಚ್ಚಿಸಿ ತೊಳೆಸಿ ಬುಷ್‌ಗೆ ಎಣ್ಣೆ ಬಿಡಿಸಿದೆ. ಅಂಗಡಿಯ ಕೇಬಲ್ ಹಳೆಯದಕ್ಕಿಂತ ನಾಲ್ಕು ಬೆರಳು ಗಿಡ್ಡ ಇತ್ತು, ಎಳೆದು ಕಟ್ಟಿದ್ದಕ್ಕೆ ಸೈಲೆನ್ಸರ್ ಪೈಪಿಗೆ ತಾಗಿ ಔಟರ್ ಕರಗಿತ್ತು. ಈಗ ಸರಿ ಉದ್ದದ್ದು ಸಿಕ್ಕಿದೆ, ಸೀಲ್ ಕೂಡ ಹೊಸದು. ಮುಳ್ಳು ಅಲ್ಲಾಡದೆ ನಿಲ್ಲುತ್ತದೆ, ಸದ್ದಿಲ್ಲ. ಆದರೆ ಫೋನಿನಲ್ಲಿ 60 ಅಂದಾಗ ಮೀಟರ್ 66 ತೋರಿಸುತ್ತದೆ. ಇದನ್ನು ಹಾಗೇ ಬಿಡುವುದಾ?

ದಾವಣಗೆರೆಯಿಂದ:
ಒಳ್ಳೆ ಸುದ್ದಿ ಸರ್. ಇನ್ನು ಆ 6ರ ವಿಷಯ. ಭರಮಸಾಗರದ ಕಡೆ ಹೈವೇಯಲ್ಲಿ ಕಿ.ಮೀ. ಕಲ್ಲು ನೋಡಿಕೊಂಡು 10 ಕಿ.ಮೀ. ಓಡಿಸಿ, ಮೀಟರ್ ಅಂಕಿ ಎಷ್ಟು ಓಡಿತು ಬರೆದುಕೊಳ್ಳಿ. ಅದು 10 ಇದ್ದರೆ ಮುಳ್ಳಿನ ಸ್ಪ್ರಿಂಗ್ ಸಡಿಲ, ಮೀಟರ್ ಮೇಸ್ತ್ರಿ ಸರಿ ಮಾಡುತ್ತಾರೆ. ಅದೂ 11 ಬಂದರೆ ಸುತ್ತೇ ಜಾಸ್ತಿ ಬರುತ್ತಿದೆ. ಆಗ ಟಯರ್ ನೋಡಿ, ಕಂಪನಿ ಕೊಟ್ಟಿದ್ದು 5.20-14 ಅಳತೆಯದ್ದು, ಅದಕ್ಕಿಂತ ಎತ್ತರ ಕಮ್ಮಿಯ ಟಯರ್ ಹಾಕಿಸಿದ್ದರೆ ಅಷ್ಟೇ ದಾರಿಗೆ ಜಾಸ್ತಿ ಸುತ್ತು ತಿರುಗುತ್ತದೆ.

ಟಯರ್ ಸರಿ ಇದ್ದೂ ಹೀಗಾದರೆ ಮೀಟರ್ ಕಡೆ ಕೇಬಲ್ ಬಿಚ್ಚಿ, ಇನ್ನರ್ ತುದಿಗೆ ರಟ್ಟಿನ ಬಾಣ ಸಿಕ್ಕಿಸಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಗಾಡಿಯನ್ನು ಅಳೆದು 10 ಮೀಟರ್ ತಳ್ಳಿಸಿ. ಬಾಣ ಎಷ್ಟು ಸುತ್ತು ತಿರುಗಿತೋ ಅದನ್ನು 100ರಿಂದ ಗುಣಿಸಿದರೆ ಕಿ.ಮೀ.ಗೆ ಎಷ್ಟು ಸುತ್ತು ಅಂತ ಸಿಗುತ್ತದೆ. ಕೆಲವು ಹಳೆ ಮೀಟರ್ ಮುಖದ ಕೆಳಗೆ ಸಣ್ಣದಾಗಿ ಈ ಸುತ್ತಿನ ಲೆಕ್ಕ ಬರೆದಿರುತ್ತಾರೆ. ಮೈಲಿಗೆ 1000 ಅಂತ ಇದ್ದರೆ ಕಿ.ಮೀ.ಗೆ ಸುಮಾರು 621 ಆಯಿತು, ಅಂದರೆ 10 ಮೀಟರ್‌ಗೆ ಬಾಣ 6 ಸುತ್ತು ದಾಟಿ ಸ್ವಲ್ಪ ಮುಂದೆ ನಿಲ್ಲಬೇಕು. ಏಳರ ಹತ್ತಿರ ಹೋದರೆ ಪಿನಿಯನ್ ಬೇರೆ ಗಾಡಿಯದ್ದು. ಅಂಕಿ ಬಂದ ಮೇಲೆ ಇಲ್ಲಿ ಬರೆಯಿರಿ, ನನ್ನ ಗಾಡಿಯನ್ನೂ ಈ ಭಾನುವಾರ ತಳ್ಳಿಸಿ ಎಣಿಸಿ ಹೇಳುತ್ತೇನೆ, ಎರಡನ್ನೂ ಹೋಲಿಸಿ ನೋಡೋಣ.